ಕಳ್ಳನಿಲ್ಲದಿದ್ದರೂ ಕೂಗುವ ಅಲಾರಂ

ಪ್ರಶ್ನೆ: ಮನೆಗೆ ವೈರ್‌ಲೆಸ್ ಅಲಾರಂ ಹಾಕಿಸಿದ್ದೇವೆ. ಮಳೆಗಾಲ ಶುರುವಾದಾಗಿನಿಂದ ರಾತ್ರಿ ಸುಮ್ಮಸುಮ್ಮನೆ ಸೈರನ್ ಕೂಗುತ್ತದೆ. ಅಕ್ಕಪಕ್ಕದವರಿಗೂ ನಿದ್ದೆಯಿಲ್ಲ. ಆಫ್ ಮಾಡಿಬಿಡಲೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ದಯವಿಟ್ಟು ಆಫ್ ಮಾಡಬೇಡಿ. ಹುಡುಕಿದರೆ ಕಾರಣ ಸಿಗುತ್ತದೆ. ಮುಂದಿನ ಸಲ ಕೂಗಿದಾಗ, ಮೊದಲು ಮನೆಗೆ ಯಾರೂ ನುಗ್ಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಪ್ಯಾನೆಲ್‌ ಅಥವಾ ಆ್ಯಪ್‌ನಲ್ಲಿ ಯಾವ ಝೋನ್‌ನ ಸೆನ್ಸರ್ ಎಂದು ನೋಡಿ, ಸಮಯದ ಸಮೇತ ಬರೆದಿಡಿ. ಪ್ರತಿ ಸಲವೂ ಒಂದೇ ಸೆನ್ಸರ್ ಕಂಡರೆ ಅರ್ಧ ಕೆಲಸ ಮುಗಿದಂತೆ.

ಅದು ಬಾಗಿಲಿನ ಸೆನ್ಸರ್ ಆಗಿದ್ದರೆ, ಮಳೆಗೆ ಮರ ಉಬ್ಬಿರುವ ಸಾಧ್ಯತೆ ಹೆಚ್ಚು. ಬಾಗಿಲು ಪೂರ್ತಿ ಕೂರದಿದ್ದರೆ ಗಾಳಿಗೆ ಅಲುಗುತ್ತದೆ. ಸೆನ್ಸರ್‌ನ ಅಯಸ್ಕಾಂತ ಅದರ ಸ್ವಿಚ್‌ನಿಂದ ದೂರ ಸರಿದೊಡನೆ ಬಾಗಿಲು ತೆರೆಯಿತೆಂದೇ ಸೆನ್ಸರ್ ತಿಳಿಯುತ್ತದೆ. ಬಡಗಿಯಿಂದ ಬಾಗಿಲು ಸರಿಮಾಡಿಸಿ, ಎರಡೂ ತುಂಡುಗಳ ಅಂತರವನ್ನು ಒಂದು ಸೆಂ.ಮೀ. ಒಳಗೆ ಇಡಿಸಿ.

ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಆಗಿದ್ದರೆ, ಅದು ನೋಡುವುದು ಶಾಖದ ಬದಲಾವಣೆಯನ್ನು. ಅದರ ಮಸೂರದ ಮೇಲೇ ಹಲ್ಲಿ, ಜೇಡ, ಮಳೆಹುಳ ಹರಿದಾಡಿದರೆ ಮನುಷ್ಯ ಓಡಾಡಿದಂತೆ ಸೂಚನೆ ಕೊಡಬಹುದು. ಒಣ ಬಟ್ಟೆಯಿಂದ ಒರೆಸಿ, ಹುಳ ಒಳಸೇರದಂತೆ ಹಿಂಬದಿಯ ತೂತು ಮುಚ್ಚಿಸಿ, ದೀಪದಿಂದ ದೂರವಿಡಿ. ಕಿಟಕಿ, ಅಲುಗಾಡುವ ಪರದೆಗಳ ಕಡೆಗೆ ಅದರ ಮುಖ ಬೇಡ. ಬೆಕ್ಕು ಸಾಕಿದ್ದರೆ ತಂತ್ರಜ್ಞರಿಗೆ ಹೇಳಿ.

ಬೇರೆಬೇರೆ ಸೆನ್ಸರ್‌ಗಳು ಕೂಗಿಸುತ್ತಿದ್ದರೆ ಬ್ಯಾಟರಿಗಳನ್ನೂ ಸಿಗ್ನಲ್ ಮಟ್ಟವನ್ನೂ ಪರೀಕ್ಷಿಸಿ. ಸೂಕ್ಷ್ಮತೆ ತಗ್ಗಿಸುವುದು ಕೊನೆಯ ಉಪಾಯವಾಗಿರಲಿ. ತಗ್ಗಿಸಿದರೆ ಕಳ್ಳನೂ ತಪ್ಪಿಸಿಕೊಂಡಾನು. ರಿಪೇರಿಯಾದ ಮೇಲೆ ನೆರೆಯವರಿಗೂ ತಿಳಿಸಿ. ನಿಜವಾಗಿ ಕೂಗಿದ ದಿನ ಅವರು ಎದ್ದು ಬರಬೇಕಲ್ಲ!