ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು: ಹಂತ ಹಂತವಾಗಿ

ಅಟ್ಟದ ಮೇಲೆ ವಿಎಚ್‌ಎಸ್ ಕ್ಯಾಸೆಟ್‌ಗಳಿದ್ದರೆ ಈಗಲೇ ಇಳಿಸಿ. ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು; ಉಳಿದಿರುವ ಹಳೆಯ ಯಂತ್ರಗಳು ಒಂದೊಂದಾಗಿ ಕೆಡುತ್ತಿವೆ. ಭಯಪಡಬೇಡಿ, ಕೆಲಸ ಸುಲಭ. ಓಡುವ ವಿಸಿಆರ್ ಅಥವಾ ವಿಸಿಪಿ, ಮೂರು ಬಣ್ಣದ ಆರ್‌ಸಿಎ ಕೇಬಲ್, ಈಸಿಕ್ಯಾಪ್ ಥರದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಮತ್ತು ಕಂಪ್ಯೂಟರ್ ಇದ್ದರೆ ಸಾಕು.

1. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ಯಂತ್ರಕ್ಕೆ ಹಾಕಲೇಬೇಡಿ: ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಬೇರೆ ಇಡಿ, ಶುಚಿ ಮಾಡಬಲ್ಲವರಿಗೆ ಕೊಡಿ.

2. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಹಲ್ಲನ್ನು ಮುರಿಯಿರಿ. ಇನ್ನು ಕೈತಪ್ಪಿ ರೆಕಾರ್ಡ್ ಒತ್ತಿದರೂ ಮದುವೆ ಅಳಿಸಿಹೋಗದು.

3. ಟೇಪನ್ನು ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲುಗಾಡದೆ ಕೂತ ಸುರುಳಿ ಸಡಿಲವಾಗುತ್ತದೆ.

4. ವಿಸಿಆರ್‌ನಿಂದ ಕ್ಯಾಪ್ಚರ್ ಸ್ಟಿಕ್ಕಿಗೆ ಕೇಬಲ್ ಜೋಡಿಸಿ, ಸ್ಟಿಕ್ಕನ್ನು ಕಂಪ್ಯೂಟರಿಗೆ ಚುಚ್ಚಿ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ವಿಸಿಆರ್‌ನಲ್ಲಿ 'ಔಟ್' ಎಂದು ಬರೆದ ತೂತಿಗೇ ಹಾಕಿ. ಹೊಸಬರು ಎಡವುವುದು ಇಲ್ಲೇ. ಧ್ವನಿಗೆ ಒಂದೇ ತೂತಿದ್ದರೆ ಬಿಳಿಯದು ಸಾಕು.

5. ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ಎಂಬ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನ ವಿಡಿಯೊ ಪುಟದಲ್ಲಿ ಎರಡೂ ರೆಸಲ್ಯೂಷನ್ 768x576, ವೇಗ 25 ಎಂದು ಕೊಡಿ.

6. ಸೋರ್ಸಸ್ ಕೆಳಗಿನ ಪ್ಲಸ್ ಒತ್ತಿ, 'ವಿಡಿಯೊ ಕ್ಯಾಪ್ಚರ್ ಡಿವೈಸ್' ಆರಿಸಿ, ನಿಮ್ಮ ಸ್ಟಿಕ್ ಹುಡುಕಿ. ಮಾದರಿ ಪಾಲ್ ಇರಲಿ, ನಮ್ಮ ದೇಶದ ಟೇಪುಗಳು ಅದರವೇ. ಎನ್‌ಟಿಎಸ್‌ಸಿ ಇದ್ದರೆ ಚಿತ್ರ ಕಪ್ಪುಬಿಳುಪಾಗಿ ಕುಣಿಯಬಹುದು. ಚಿತ್ರ ಪರದೆ ತುಂಬದಿದ್ದರೆ 'ಸ್ಟ್ರೆಚ್ ಟು ಸ್ಕ್ರೀನ್' ಕೊಡಿ.

7. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, 'ಡಿಇಂಟರ್ಲೇಸಿಂಗ್' ಒಳಗೆ 'ಯಾಡಿಫ್' ಆರಿಸಿ. ಇಲ್ಲದಿದ್ದರೆ ಆರತಿ ಎತ್ತುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ.

8. ಒಂದು ನಿಮಿಷ ಮಾತ್ರ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ನೋಡಿ. ಓಲಗದ ಸದ್ದು ಒಂದೇ ಕಿವಿಗೆ ಬಂದರೆ ಆಡಿಯೊದ ಅಡ್ವಾನ್ಸ್‌ಡ್ ಪ್ರಾಪರ್ಟೀಸ್‌ನಲ್ಲಿ 'ಮೋನೊ' ಟಿಕ್ ಮಾಡಿ. ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ ವಿಸಿಆರ್‌ನ ಟ್ರ್ಯಾಕಿಂಗ್ ಮೆಲ್ಲಗೆ ತಿರುಗಿಸಿ.

9. ಈಗ ಪೂರ್ತಿ ರೆಕಾರ್ಡಿಂಗ್. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಅವಸರಕ್ಕೆ ದಾರಿಯಿಲ್ಲ. ಫೈಲ್ ಎಂಕೆವಿ ಆಗಿರಲಿ: ನಡುವೆ ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಬಿಟ್‌ರೇಟ್ 8000 ಇಟ್ಟರೆ ಗಂಟೆಗೆ ಸುಮಾರು 3.6 ಜಿಬಿ ಜಾಗ ಹಿಡಿಯುತ್ತದೆ.

10. ಫೈಲಿಗೆ ಹೆಸರು, ಇಸವಿ ಬರೆದು, ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲೂ ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಯಲ್ಲೂ ಇಡಿ. ಮೂಲ ಕ್ಯಾಸೆಟ್ ಮಾತ್ರ ಎಸೆಯಬೇಡಿ.