ಸೈಟು ಗಿರಾಕಿಯದು

ಹುಬ್ಬಳ್ಳಿ–ಧಾರವಾಡದಂಥ ಊರಲ್ಲಿ ವೆಬ್ ಏಜೆನ್ಸಿ ಇಟ್ಟವರ ಗಿರಾಕಿಗಳೆಂದರೆ ಸೀರೆ ಅಂಗಡಿ, ನರ್ಸಿಂಗ್ ಹೋಮ್, ಪದವಿ ಕಾಲೇಜು, ಗೋಕುಲ ರಸ್ತೆ ಕಡೆಯ ವಾಲ್ವ್ ಕಾರ್ಖಾನೆ. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಬಂದು ಮೊದಲು ಕೇಳುವುದು ಯಾವ ಫ್ರೇಮ್‌ವರ್ಕ್ ಕಲಿಯಬೇಕು ಅಂತ. ಅದನ್ನು ಮನಸ್ಸಿಟ್ಟರೆ ಯಾರು ಬೇಕಾದರೂ ಕಲಿಯಬಹುದು. ಆದರೆ ನಮ್ಮ ಗಿರಾಕಿಗಳಲ್ಲಿ ಬಹಳ ಜನರ ಬಳಿ ನಮ್ಮ ಕೆಲಸವನ್ನು ಪರೀಕ್ಷಿಸಿ ನೋಡಬಲ್ಲವರು ಇರುವುದಿಲ್ಲ. ನಂಬಿ ದುಡ್ಡು ಕೊಡುತ್ತಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಕ್ರಮಗಳನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

1. ಡೊಮೇನ್ ಗಿರಾಕಿಯ ಹೆಸರಲ್ಲೇ ಇರಬೇಕು

ಒಂದು ಸೀರೆ ಅಂಗಡಿಯವರು ಬೇರೆ ಏಜೆನ್ಸಿಯಿಂದ ನಮ್ಮಲ್ಲಿಗೆ ಬಂದಾಗ ಅವರ ಸೈಟು ಬಂದ್ ಆಗಿತ್ತು. ಹುಡುಕಿದರೆ, ಡೊಮೇನ್ ಆ ಏಜೆನ್ಸಿಯಲ್ಲಿ ಹಿಂದೆ ಕೆಲಸಕ್ಕಿದ್ದ ಒಬ್ಬ ಹುಡುಗನ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ಅವನು ಕೆಲಸ ಬಿಟ್ಟಿದ್ದ. ನವೀಕರಣದ ನೋಟಿಸುಗಳೆಲ್ಲ ಯಾರೂ ತೆರೆಯದ ಆ ಡಬ್ಬಿಗೆ ಹೋಗಿ ಬಿದ್ದಿದ್ದವು. ಅಂಗಡಿಯ ಬೋರ್ಡು, ಬಿಲ್ ಪುಸ್ತಕ, ಕೈಚೀಲ ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗಿತ್ತು. ಮಾಲೀಕರು ಕೇಳಿದ್ದು ಇಷ್ಟೇ: "ಹೆಸರು ನಮ್ಮದು, ಅಂಗಡಿ ನಮ್ಮದು. ಮತ್ತ ಸೈಟು ಹೆಂಗ್ರೀ ನಮ್ಮದಲ್ಲ?"

ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೆ 30 ದಿನಗಳ ಕಾಲಾವಕಾಶ ಇರುತ್ತದೆ. ಅಷ್ಟರೊಳಗೆ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ, ಅದು ಕಳೆದರೆ ಲೋಕದ ಯಾರು ಬೇಕಾದರೂ ಕೊಳ್ಳಬಹುದು. ಈ ಅಂಗಡಿಯವರ ಹೆಸರು ಆ 30 ದಿನಗಳೊಳಗೆ ಸಿಕ್ಕಿತು, ದುಡ್ಡು ಮಾತ್ರ ಸುಮ್ಮನೆ ದಂಡವಾಯಿತು.

ನಮ್ಮಲ್ಲಿ ಈಗ ಕ್ರಮ ಹೀಗಿದೆ: ರಿಜಿಸ್ಟ್ರಾರ್ ಖಾತೆಯನ್ನು ಮಾಲೀಕರ ಇಮೇಲ್, ಮಾಲೀಕರ ಫೋನ್ ನಂಬರಿನಲ್ಲೇ, ಅವರ ಎದುರಿಗೇ ಕೂತು ತೆರೆಯುತ್ತೇವೆ. ಹಣ ಅವರ ಕಾರ್ಡಿನಿಂದಲೇ ಹೋಗಬೇಕು. ನಮಗೆ ಬೇಕಾದ ಅನುಮತಿಯನ್ನಷ್ಟೇ ಅವರಿಂದ ಪಡೆಯುತ್ತೇವೆ. ಹೋಸ್ಟಿಂಗ್, ಅನಾಲಿಟಿಕ್ಸ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಎಲ್ಲಕ್ಕೂ ಇದೇ ನಿಯಮ: ಮಾಲೀಕ ಗಿರಾಕಿ, ಮ್ಯಾನೇಜರ್ ನಾವು. ಜಾಹೀರಾತು ಖಾತೆಯಂತೂ ಗಿರಾಕಿಯ ಹೆಸರಲ್ಲೇ ಇರಲೇಬೇಕು. ವರ್ಷಗಟ್ಟಲೆ ದುಡ್ಡು ಸುರಿದು ಕೂಡಿಬಂದ ಮಾಹಿತಿ ಅದರಲ್ಲಿರುತ್ತದೆ, ಏಜೆನ್ಸಿ ಬದಲಾದರೂ ಅದು ಅವರ ಬಳಿಯೇ ಉಳಿಯಬೇಕು. "ಹೀಗೆ ಮಾಡಿದರೆ ಗಿರಾಕಿ ಸುಲಭವಾಗಿ ಬಿಟ್ಟುಹೋಗುತ್ತಾನಲ್ಲ" ಎನ್ನುವವರಿದ್ದಾರೆ. ಪಾಸ್‌ವರ್ಡ್ ಹಿಡಿದಿಟ್ಟು ಗಿರಾಕಿಯನ್ನು ಉಳಿಸಿಕೊಳ್ಳುವುದನ್ನು ನಾನು ವ್ಯಾಪಾರ ಎಂದು ಕರೆಯಲಾರೆ.

2. ಬಣ್ಣಕ್ಕಿಂತ ಮೊದಲು ಫೋನಿನ ಮಾತು

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು: ಈಗ ಗಿರಾಕಿಗಳು ನಿಮ್ಮನ್ನು ಹೇಗೆ ಹುಡುಕಿಕೊಂಡು ಬರುತ್ತಾರೆ? ಫೋನ್ ಬಂದರೆ ಯಾರು ಎತ್ತುತ್ತಾರೆ? ರವಿವಾರ ಯಾರಿರುತ್ತಾರೆ? ಒಂದು ನರ್ಸಿಂಗ್ ಹೋಮಿನ ಹಳೆಯ ಸೈಟಿನಲ್ಲಿ ಚೆಂದದ ಅಪಾಯಿಂಟ್‌ಮೆಂಟ್ ಫಾರ್ಮ್ ಇತ್ತು. ಅದರ ಮೇಲ್ ಹೋಗುತ್ತಿದ್ದ ವಿಳಾಸವನ್ನು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ರೋಗಿಗಳು ಬರೆದಿದ್ದರು, ಕಾದಿದ್ದರು. ನಾವು ಆ ಫಾರ್ಮ್ ತೆಗೆದು, ರಿಸೆಪ್ಷನ್ ಕೌಂಟರಿನ ನಂಬರಿಗೆ ನೇರ ಕರೆ ಹೋಗುವ ಒಂದು ಗುಂಡಿ, ಒಂದು ವಾಟ್ಸ್‌ಆ್ಯಪ್ ಗುಂಡಿ ಇಟ್ಟೆವು. ಕೌಂಟರಿನಲ್ಲಿ ಕೂರುವ ಅಕ್ಕನನ್ನೂ ಮೀಟಿಂಗಿಗೆ ಕರೆಸಿ ಎಂದು ಡಾಕ್ಟರಿಗೆ ಹೇಳಿದ್ದು ನಾವು ಮಾಡಿದ ಒಳ್ಳೆಯ ಕೆಲಸ. ಜನ ಏನೇನು ಕೇಳುತ್ತಾರೆ ಎಂಬುದು ಗೊತ್ತಿದ್ದದ್ದು ಅವರೊಬ್ಬರಿಗೇ. ಸೈಟಿನ ಪ್ರಶ್ನೋತ್ತರದ ಪುಟ ಬಹುಪಾಲು ಅವರ ಮಾತಿನಿಂದಲೇ ಆಯಿತು.

3. ನಕ್ಷೆಯಲ್ಲಿ ಅಂಗಡಿ ಸರಿಯಾಗಿ ಕಾಣಲಿ

ಊರಿನ ವ್ಯಾಪಾರಕ್ಕೆ ಸೈಟಿಗಿಂತ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿಪಡಿಸಿ. ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರು ಮಾಡಿದೆ, ಈ ಮೂರನ್ನು ನೋಡಿ ಸ್ಥಳೀಯ ಫಲಿತಾಂಶ ತೋರಿಸುತ್ತೇವೆ ಎಂದು ಗೂಗಲ್ಲೇ ಹೇಳುತ್ತದೆ. ಆದರೆ ಪ್ರೊಫೈಲ್ ಒಂದನ್ನೇ ನಂಬಿ ಕೂರಬೇಡಿ. ಪ್ರೊಫೈಲಿನ ಜೊತೆ ಪುಕ್ಕಟೆ ಸಿಗುತ್ತಿದ್ದ ಪುಟ್ಟ ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು.

ಸುಳ್ಳು ರಿವ್ಯೂ ಬರೆಸಿಕೊಡಿ ಎಂದು ಕೇಳುವವರಿಗೆ ಆಗುವುದಿಲ್ಲ ಎನ್ನಿ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ತಂದಿದೆ.

4. ಕನ್ನಡ ಪುಟವನ್ನು ಕನ್ನಡವಾಗಿಯೇ ಕಟ್ಟಿ

ಇದು ನನಗೆ ಎಲ್ಲಕ್ಕಿಂತ ಹತ್ತಿರದ ಪಾಠ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿಗೆ ಕನ್ನಡ ಅಂಟಿಸಿದರೆ ಏನಾಗುತ್ತದೆ ನೋಡಿ. ಅದೇ ನರ್ಸಿಂಗ್ ಹೋಮಿನ ಪುಟದಲ್ಲಿ "ಸ್ತ್ರೀರೋಗ ತಜ್ಞರು" ಎಂಬ ಗುಂಡಿ ಬೇಕಿತ್ತು. "ಸ್ತ್ರೀ" ಅಕ್ಷರದ ಕೆಳಗೆ ತ ಒತ್ತು, ರ ಒತ್ತು ಎರಡೂ ಇವೆ. ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ 1.2 ಇತ್ತು, ಗುಂಡಿಯ ಎತ್ತರವನ್ನೂ ಬಿಗಿಯಾಗಿ ಕಟ್ಟಿದ್ದರು. ಒತ್ತಕ್ಷರಗಳ ಬುಡ ಕತ್ತರಿಸಿಹೋಗಿತ್ತು. ಸಾಲಿನ ಎತ್ತರವನ್ನು 1.7ಕ್ಕೆ ಏರಿಸಿ, ಗುಂಡಿಗೆ ನಿಗದಿ ಎತ್ತರ ತೆಗೆದು ಮೇಲೆ ಕೆಳಗೆ ಜಾಗ ಬಿಟ್ಟಾಗ ಸರಿಹೋಯಿತು. ಅಂದಿನಿಂದ ಯಾವ ವಿನ್ಯಾಸ ಮಾಡಿದರೂ "ಸ್ತ್ರೀ", "ಸ್ವಾತಂತ್ರ್ಯ", "ರಾಷ್ಟ್ರೀಯ" ಎಂಬ ಮೂರು ಮಾತುಗಳನ್ನು ಪ್ರತಿ ತಲೆಬರಹದಲ್ಲಿ, ಪ್ರತಿ ಗುಂಡಿಯಲ್ಲಿ ಹಾಕಿ ನೋಡುತ್ತೇವೆ.

ಇನ್ನೂ ಇವೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಇಂಗ್ಲಿಷ್ ಶೋಕಿ ಕನ್ನಡಕ್ಕೆ ಬೇಡ. ವಾಲಿಸಿದ ಅಕ್ಷರವೂ ಬೇಡ; ಬ್ರೌಸರ್ ತಾನೇ ಬಾಗಿಸಿದ ಕನ್ನಡ ಬಿದ್ದುಹೋಗುವಂತೆ ಕಾಣುತ್ತದೆ. ದಪ್ಪಕ್ಷರ ಬೇಕಿದ್ದರೆ ಅದಕ್ಕೆಂದೇ ಮಾಡಿದ ಫಾಂಟ್ ಕಡತ ಹಾಕಿ, ಇಲ್ಲದಿದ್ದರೆ ಬ್ರೌಸರ್ ಸುಮ್ಮನೆ ಮಸಿ ಬಳಿದು ಅಕ್ಷರದ ಕಣ್ಣು ಮುಚ್ಚಿಸುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಇವೆಲ್ಲ ಉಚಿತವಾಗಿ ಸಿಗುವ ಒಳ್ಳೆಯ ಫಾಂಟುಗಳು. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸುವುದನ್ನು ಮರೆಯಬೇಡಿ. ಅಂಧರು ಬಳಸುವ ಓದುಗ ತಂತ್ರಾಂಶ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ಅದರಿಂದಲೇ ತಿಳಿಯುತ್ತದೆ.

ಕಾಲೇಜುಗಳಿಂದ ಬರುವ ಕಡತಗಳು ಹಳೆಯ ನುಡಿ, ಬರಹ ಫಾಂಟಿನಲ್ಲಿರುತ್ತವೆ. ಯುನಿಕೋಡ್ ಅಲ್ಲದ ಆ ಪಠ್ಯವನ್ನು ಹಾಗೇ ಅಂಟಿಸಿದರೆ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕಗಳಿವೆ, ಕೆಲಸಕ್ಕೆ ಬರುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಎಲ್ಲಿ ಕೂತಿದೆ ಎಂದು ಕನ್ನಡ ಬಲ್ಲ ಒಬ್ಬರು ಸಾಲುಸಾಲಾಗಿ ಓದಲೇಬೇಕು. ಪ್ರಾಧ್ಯಾಪಕರೊಬ್ಬರ ಹೆಸರು ಅವರ ಕಾಲೇಜಿನ ಪುಟದಲ್ಲೇ ತಪ್ಪಾಗಿ ಮೂಡುವುದು ಸಣ್ಣ ವಿಷಯವಲ್ಲ.

5. ವೇಗವನ್ನು ಅಗ್ಗದ ಫೋನಿನಲ್ಲಿ ಅಳೆಯಿರಿ

ಕಚೇರಿಯ ವೈಫೈಯಲ್ಲಿ ಎಲ್ಲ ಸೈಟೂ ಓಡುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಗುಂಡಿ ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಓಗೊಡಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ; ಎರಡನೆಯದು 2024ರ ಮಾರ್ಚ್‌ನಿಂದ ಮುಖ್ಯ ಅಳತೆಗಳ ಸಾಲಿಗೆ ಸೇರಿದೆ. ನಮ್ಮ ಕಡೆ ಇದನ್ನು ಕೆಡಿಸುವುದು ಮುಖಪುಟದಲ್ಲಿ ಸರಿಯುವ ದೊಡ್ಡ ಫೋಟೊಗಳು. ಫೋಟೊಗ್ರಾಫರ್ ಕೊಟ್ಟ ಕಡತವನ್ನು ಕುಗ್ಗಿಸದೆ ಹಾಗೇ ಏರಿಸಿರುತ್ತಾರೆ. ಒಂದೇ ಒಂದು ಒಳ್ಳೆಯ ಚಿತ್ರ ಇಡಿ, ಕುಗ್ಗಿಸಿ ಇಡಿ.

6. ಕಾಗದದಲ್ಲಿ ಬರೆಯದ್ದು ಒಪ್ಪಂದವಲ್ಲ

ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಪಠ್ಯ ಯಾರು ಕೊಡಬೇಕು, ಶೇ. 18ರ ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಎಲ್ಲ ಬರೆಯಿರಿ. ಮುಂಗಡ, ವಿನ್ಯಾಸ ಒಪ್ಪಿದಾಗ, ಸೈಟು ಏರಿಸುವ ಮುನ್ನ ಎಂದು ಮೂರು ಕಂತು ಮಾಡಿದರೆ ಇಬ್ಬರಿಗೂ ಹಗುರ. "ಇದೊಂದ್ ಸಣ್ಣದ್ ಐತ್ರೀ, ಮಾಡಿಕೊಡ್ರಿ" ಎಂದು ಬರುವ ಕೆಲಸವನ್ನು ಮಾಡಿಕೊಡಿ, ಆದರೆ ಪಟ್ಟಿಯಲ್ಲಿ ಸೇರಿಸಿ.

ಬಹಳ ಏಜೆನ್ಸಿಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸಂಬಳಕ್ಕಿರುವ ಡಿಸೈನರ್ ಕೆಲಸದ ಭಾಗವಾಗಿ ಮಾಡಿದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯದು. ಹೊರಗಿನ ಫ್ರೀಲಾನ್ಸರ್ ಬರೆದ ಕೋಡಿನ ಹಕ್ಕು ಹಾಗೆ ತಾನಾಗಿ ನಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷಕ್ಕಷ್ಟೇ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದು ಕಾನೂನು ಭಾವಿಸುತ್ತದೆ. ದುಬೈಗೆ ವಾಲ್ವ್ ಕಳಿಸುವ ಕಾರ್ಖಾನೆಯ ಸೈಟಿಗೆ ಇದು ಸಾಲದು. ಫ್ರೀಲಾನ್ಸರ್‌ಗೆ ಮೊದಲ ಹಣ ಕೊಡುವ ದಿನವೇ ಅವಧಿ, ಪ್ರದೇಶ ಎರಡನ್ನೂ ಬರೆದ ಒಂದು ಪುಟಕ್ಕೆ ಸಹಿ ಮಾಡಿಸಿಕೊಳ್ಳಿ.

7. ಮೊದಲ ಸ್ಥಾನದ ಭರವಸೆ ಕೊಡಬೇಡಿ

ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆಂದು ಯಾರೂ ಖಾತ್ರಿ ಕೊಡಲಾಗದು ಎಂದು ಗೂಗಲ್ಲೇ ಬರೆದಿಟ್ಟಿದೆ. ಕೊಡಬಹುದಾದ ಭರವಸೆ ಬೇರೆ: ದುಡ್ಡು ಎಲ್ಲಿ ಹೋಯಿತೆಂದು ಪ್ರತಿ ವಾರ ತೋರಿಸುತ್ತೇವೆ. ಕಾಲೇಜಿನ ಪ್ರವೇಶದ ಜಾಹೀರಾತು ಹಾಕಿದಾಗ ಜನ ನಿಜಕ್ಕೂ ಏನು ಟೈಪ್ ಮಾಡಿ ಒತ್ತಿದ್ದಾರೆಂಬ ವರದಿ ತೆರೆದು ನೋಡಿ. "ರಿಸಲ್ಟ್", "ಸಿಲಬಸ್", "ಉಪನ್ಯಾಸಕರ ಹುದ್ದೆ" ಎಂದು ಹುಡುಕಿದವರ ಮೇಲೆ ಹಣ ಖರ್ಚಾಗಿರುತ್ತದೆ. ಅವನ್ನು ಬೇಡದ ಪದಗಳ ಪಟ್ಟಿಗೆ ಹಾಕುವುದೇ ಮೊದಲ ತಿಂಗಳ ದೊಡ್ಡ ಕೆಲಸ. ಗಿರಾಕಿಗೆ ಕೊಡುವ ವರದಿಯಲ್ಲಿ ಎಷ್ಟು ಲಕ್ಷ ಜನರಿಗೆ ಕಂಡಿತು ಎಂಬುದು ಬೇಡ. ಎಷ್ಟು ಕರೆ ಬಂತು, ಎಷ್ಟು ಜನ ದಾರಿ ಕೇಳಿದರು, ಎಷ್ಟು ಅರ್ಜಿ ತುಂಬಿದರು, ಇಷ್ಟು ಸಾಕು.

8. ಬ್ಯಾಕಪ್ ಇದೆ ಎಂದರೆ ಸಾಲದು

ಆ ಬ್ಯಾಕಪ್‌ನಿಂದ ಸೈಟನ್ನು ಮರಳಿ ಎಬ್ಬಿಸಿ ನೋಡಿ. ವಾರ್ಷಿಕ ನಿರ್ವಹಣೆಯ ಹಣ ಪಡೆದಿದ್ದರೆ ಇದನ್ನು ತಪ್ಪಿಸುವಂತಿಲ್ಲ.

9. ಬೇಡದ ಮಾಹಿತಿ ಕೇಳಬೇಡಿ

ಆನ್‌ಲೈನ್ ವಿಚಾರಣೆಯ ಫಾರ್ಮಿನಲ್ಲೇ ಆಧಾರ್ ನಂಬರ್, ಜಾತಿ, ತಂದೆಯ ಆದಾಯ ಎಲ್ಲ ಕೇಳಿಬಿಡೋಣ ಎನ್ನುವ ಸಂಸ್ಥೆಗಳಿವೆ. ದುರುದ್ದೇಶದಿಂದಲ್ಲ, ಕಾಗದದ ಅರ್ಜಿಯಲ್ಲಿ ಇದ್ದದ್ದೆಲ್ಲ ಇಲ್ಲೂ ಇರಲಿ ಎಂಬ ರೂಢಿಯಿಂದ. ಆ ಮಾಹಿತಿ ಸರ್ವರಿನಲ್ಲಿ, ಯಾರ್ಯಾರದೋ ಇಮೇಲ್‌ನಲ್ಲಿ, ಆಫೀಸಿನ ಎಕ್ಸೆಲ್ ಹಾಳೆಯಲ್ಲಿ ಉಳಿದುಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪಿಯುಸಿ ಮುಗಿಸಿ ಪದವಿಗೆ ವಿಚಾರಿಸುವ ಮಕ್ಕಳಲ್ಲಿ ಬಹಳ ಜನ ಇನ್ನೂ ಆ ವಯಸ್ಸಿನವರೇ. ಈ ಮಾತನ್ನು ಒಂದು ಕಾಲೇಜಿನ ಪ್ರಿನ್ಸಿಪಾಲರ ಎದುರು ಕೂತು ವಿವರಿಸಿದಾಗ ಅವರು ಫಾರ್ಮನ್ನು ಪ್ರಿಂಟ್ ತೆಗೆಸಿ, ಪೆನ್ನಿನಿಂದ ತಾವೇ ಒಂದೊಂದಾಗಿ ಹೊಡೆದುಹಾಕಿದರು. ಹೆಸರು, ಫೋನ್, ಬೇಕಾದ ಕೋರ್ಸ್ ಈ ಮೂರು ಉಳಿದವು. ಮಿಕ್ಕದ್ದನ್ನು ಪ್ರವೇಶದ ದಿನ ಕೌಂಟರಿನಲ್ಲಿ ಕೇಳುತ್ತಾರೆ.