ಎಂಟುನೂರು ಸಾಲಿನ ಎಕ್ಸ್‌ಎಂಎಲ್: ಎಲ್ಲಿಂದ ಬಿಚ್ಚಲಿ?

ಪ್ರಶ್ನೆ: ನಾನು ಚೌಡಾಪುರದವನು, ಬೆಂಗಳೂರಿನಲ್ಲಿ ಜಾವಾ ಕೆಲಸ. ಹಳೆಯ ಸ್ಪ್ರಿಂಗ್ ಪ್ರಾಜೆಕ್ಟ್ ನನ್ನ ಪಾಲಿಗೆ ಬಂದಿದೆ. ಎಂಟುನೂರು ಸಾಲಿನ ಎಕ್ಸ್‌ಎಂಎಲ್ ಕಡತ ಮುಟ್ಟಲು ಭಯ. ಎಲ್ಲ ಅಳಿಸಿ ಹೊಸದಾಗಿ ಬರೆಯಲೇ?

ಉತ್ತರ: ಬೇಡ. ಓಡುವ ಬಂಡಿಯ ಗಾಲಿಗಳನ್ನೆಲ್ಲ ಒಟ್ಟಿಗೇ ಬಿಚ್ಚುವವರುಂಟೇ? 2004ರಲ್ಲಿ ಸ್ಪ್ರಿಂಗ್ 1.0 ಬಂದಾಗ ಎಕ್ಸ್‌ಎಂಎಲ್ಲೇ ರಾಜಮಾರ್ಗ, ಬರೆದವರನ್ನು ಬೈಯಬೇಡಿ.

ಮೊದಲು ಕಡತದೊಳಗೇ ಭಾರ ಇಳಿಸಿ. ಡೇಟಾಬೇಸ್ ಬೀನ್‌ಗೆ ಯುಆರ್‌ಎಲ್, ಬಳಕೆದಾರ, ಪಾಸ್‌ವರ್ಡ್ ಎಂದು ಮೂರು ಪ್ರಾಪರ್ಟಿ ಟ್ಯಾಗ್‌ಗಳಿವೆಯೇ? 2.0ರಲ್ಲಿ ಬಂದ ‘ಪಿ’ ನೇಮ್‌ಸ್ಪೇಸ್ ಬಳಸಿದರೆ ಮೂರೂ ಬೀನ್ ಟ್ಯಾಗ್‌ನೊಳಗೇ ಕೂರುತ್ತವೆ. ಕನ್‌ಸ್ಟ್ರಕ್ಟರ್‌ಗಾದರೆ 3.1ರ ‘ಸಿ’ ನೇಮ್‌ಸ್ಪೇಸ್ ಇದೆ. ನಾಲ್ಕಾರು ಬೀನ್‌ಗಳಲ್ಲಿ ಅದೇ ಮೌಲ್ಯಗಳಿದ್ದರೆ ಒಂದು ಅಬ್‌ಸ್ಟ್ರ್ಯಾಕ್ಟ್ ಪೇರೆಂಟ್ ಬೀನ್ ಬರೆಯಿರಿ. ಉಳಿದವು ಅದರಿಂದ ಪಡೆಯಲಿ. ಪಾಸ್‌ವರ್ಡನ್ನು ಎಕ್ಸ್‌ಎಂಎಲ್‌ನಿಂದ ಹೊರಗಿಡಿ.

ಆಮೇಲೆ ನಿಮ್ಮದೇ ಕ್ಲಾಸ್‌ಗಳಿಗೆ 2.5ರ ಅನೊಟೇಶನ್ ಮತ್ತು ಕಾಂಪೊನೆಂಟ್ ಸ್ಕ್ಯಾನ್. ಹೊರಗಿನ ಲೈಬ್ರರಿಯವಕ್ಕೆ 3.0ರ ಜಾವಾ ಕಾನ್ಫಿಗರೇಶನ್. ಇಂಪೋರ್ಟ್‌ರಿಸೋರ್ಸ್ ಅನೊಟೇಶನ್ ಹಾಕಿದರೆ ಹಳೆಯ ಎಕ್ಸ್‌ಎಂಎಲ್ಲೂ ಜೊತೆಗೇ ನಡೆಯುತ್ತದೆ.

ಒಂದು ಎಚ್ಚರಿಕೆ: ಅನೊಟೇಶನ್ ಹಾಕಿದ ಕ್ಲಾಸಿನ ಬೀನ್ ಅನ್ನು ಎಕ್ಸ್‌ಎಂಎಲ್‌ನಿಂದ ತೆಗೆಯಲು ಮರೆಯಬೇಡಿ. ಹೆಸರು ಬೇರೆಯಿದ್ದರೆ ಒಂದರ ಜಾಗದಲ್ಲಿ ಎರಡು ಬೀನ್ ಹುಟ್ಟಿ, ಯಾವುದನ್ನು ಜೋಡಿಸಬೇಕೆಂದು ತಿಳಿಯದೆ ಆಟೊವೈರ್ ಮುಗ್ಗರಿಸುತ್ತದೆ.

ಕಲಬುರಗಿಯಿಂದ ಗಾಣಗಾಪುರಕ್ಕೆ ಹೊರಟವರು ನಿಮ್ಮೂರಲ್ಲಿ ತಿರುಗುತ್ತಾರಲ್ಲ, ಹಾಗೇ ತಿರುವು ಬಂದಾಗ ತಿರುಗಿ. ಒಂದು ಸಲಕ್ಕೆ ಒಂದೇ ಮಾಡ್ಯೂಲ್. ಟೆಸ್ಟ್ ಪಾಸಾದ ಮೇಲಷ್ಟೇ ಮುಂದಿನದು.